ಸುಂಕದ ಕಟ್ಟೆಯ ಮಗ

ಮಹಲ್ಲಾ,
೧೮ ಜನವರಿ ೧೯೮೫

ಮಗನೇ ಶವ್ಕಿ,

ನಿನ್ನನ್ನು ಸುಂಕದ ಇಲಾಖೆಯ ಗೋದಾಮಿನಿಂದ ತೆಗೆದು ಪೋರ್ಟ್ ಸಯೀದಿನ ಸುಂಕದ ಕಟ್ಟೆಗೆ ಹಾಕಿದ್ದಾರೆ ಎಂಬ ಸುದ್ದಿ ತಿಳಿದು ಎರಡು ತುತ್ತು ಹೆಚ್ಚೇ ತಿಂದೆ. ಊಟವಾದ ಮೇಲೆ ನಿನ್ನ ಕಾಗದವನ್ನು ಎಂದಿನಂತೆ ಗಟ್ಟಿಯಾಗಿ ಓದಿದೆ. ಮಹಡಿಯವರು, ಎದುರು ಮನೆಯವರು ಎಲ್ಲ ಬಂದು ಕೂತಿದ್ದರು. ನನ್ನ ಪಕ್ಕದ ಮಗ್ಗದ ಅಬ್ದುಲ್ ತವ್ವಾಬ್ ಕೇಳಿಸಿಕೊಂಡು, "ಉಸ್ತಾ ಮೆತ್ವಲ್ಲಿ, ಇನ್ನು ನಮ್ಮ ಗಿರಣಿಗೆ ಒಬ್ಬ ಕಾವಲುಗಾರ ಸಿಕ್ಕಿದ ಬಿಡು" ಎಂದ. ನಾನು ಬೀಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ನಿನಗೆ ಗೊತ್ತಿಲ್ಲದ್ದೇನೂ ಅಲ್ಲ, ಆದರೂ ಅಪ್ಪನ ಬಾಯಿ ಸುಮ್ಮನಿರುವುದಿಲ್ಲ. ಆ ಊರಿಗೆ ಜಪಾನು, ಕೊರಿಯಾ, ಸ್ಪೇನುಗಳ ಬಟ್ಟೆ ಸುಂಕವಿಲ್ಲದೆ ಬಂದು ಬೀಳುತ್ತದೆ. ಊರು ದಾಟಿ ನಮ್ಮ ಕಡೆ ಬರುವಾಗ ಮಾತ್ರ ಸುಂಕ. ಆ ಬಾಗಿಲು ಸಡಿಲವಾದದ್ದರಿಂದಲೇ ನಮ್ಮ ಶೆಡ್ಡಿನಲ್ಲಿ ಮೂರನೆಯ ಪಾಳಿ ನಿಂತಿದೆ, ನೇಯ್ದ ಥಾನುಗಳು ಗೋದಾಮಿನ ಛಾವಣಿ ಮುಟ್ಟಿವೆ. ಅವರ ಬಟ್ಟೆ ಹೊಳೆಯುತ್ತದೆ, ಅಗ್ಗವೂ ಹೌದು, ಒಪ್ಪುತ್ತೇನೆ. ಆದರೆ ನಿನ್ನನ್ನು ಓದಿಸಿದ್ದು ಜಪಾನಿನವನಲ್ಲ. ಸರ್ಕಾರ ಅಡ್ಡ ಗೋಡೆ ಎತ್ತದಿದ್ದರೆ ನಾವು ಬೀದಿಪಾಲು. ಆದ್ದರಿಂದ ಬಿಗಿಯಾಗಿ ನಿಲ್ಲು. ಮುಖ ನೋಡಿ ಮಣೆ ಹಾಕಬೇಡ.

ಚಹಾದಂಗಡಿಯಲ್ಲಿ ಹೇಳುತ್ತಾರಲ್ಲ, ನಮ್ಮ ಹೆಂಗಸರು ಪೋರ್ಟ್ ಸಯೀದಿಗೆ ಹೋಗುವಾಗ ಕಡ್ಡಿ, ಬರುವಾಗ ಕುಂಬಳಕಾಯಿ ಅಂತ. ಒಂದರ ಮೇಲೊಂದು ನಾಲ್ಕು ನಿಲುವಂಗಿ ಹಾಕಿ, ಹೊಟ್ಟೆಗೆ ಕಂಬಳಿ ಸುತ್ತಿಕೊಂಡು, ಆರು ತಿಂಗಳ ಬಸುರಿಯ ಹಾಗೆ ನಡೆಯುತ್ತಾರಂತೆ. ನೀನು ಹಿಡಿದ ಕುಂಬಳಕಾಯಿಗಳ ಸುದ್ದಿ ಬರಿ, ಎಲ್ಲರೂ ಕಾಯುತ್ತಿದ್ದಾರೆ.

ನಿನ್ನ ತಂಗಿಗೆ ಸಂಬಂಧ ಕುದುರಿದೆ. ಹುಡುಗ ಮಮ್ದೂಹ್, ಕೃಷಿ ಸಹಕಾರ ಸಂಘದಲ್ಲಿ ಗುಮಾಸ್ತ, ಮೆತ್ತಗಿನ ಸ್ವಭಾವ. ಅವನ ತಾಯಿ ಇನ್ಸಾಫ್ ಮಾತ್ರ ಮೆತ್ತಗಿಲ್ಲ. ಮದುವೆಯ ಮುನ್ನಾದಿನ ಬೀದಿಯಲ್ಲೆಲ್ಲ ಸಾಗುವ ಬಳುವಳಿ ಗಾಡಿಯಲ್ಲಿ ಪೋರ್ಟ್ ಸಯೀದಿನ ಕಂಬಳಿ, ಹೊರದೇಶದ ರಾತ್ರಿಯಂಗಿಗಳು ಕಾಣದಿದ್ದರೆ ಬೀದಿಯ ಜನ ನಗುತ್ತಾರಂತೆ. ನಾನು ಖಡಾಖಂಡಿತವಾಗಿ ಹೇಳಿದೆ: ಈ ಮನೆಯೊಳಗೆ ಪರದೇಶದ ಒಂದು ಎಳೆ ನೂಲು ಬರುವುದಿಲ್ಲ. ನಿನ್ನಮ್ಮ ಮುಖ ಊದಿಸಿಕೊಂಡಿದ್ದಾಳೆ. ನಿನ್ನನ್ನು ನೋಡಿ ಬರುತ್ತೇನೆ ಎಂದಳು. ಹುಡುಗ ಹೊಸ ಜಾಗದಲ್ಲಿದ್ದಾನೆ, ಈಗ ಬೇಡ ಎಂದೆ.

ನಿನ್ನ ಅಪ್ಪ,
ಮೆತ್ವಲ್ಲಿ


ಪೋರ್ಟ್ ಸಯೀದ್,
೧೦ ಫೆಬ್ರವರಿ ೧೯೮೫

ಅಪ್ಪನಿಗೆ,

ಕಾಗದ ಸಿಕ್ಕಿತು. ನಗಾತಳ ಮದುವೆಯ ಸುದ್ದಿಯಿಂದ ಸಂತೋಷವಾಯಿತು.

ಇಲ್ಲಿಯ ಕೆಲಸ ನೀವು ಅಂದುಕೊಂಡಂತೆ ಇಲ್ಲ. ಬಸ್ಸು ಕಟ್ಟೆಯ ಮುಂದೆ ನಿಂತು ಜನ ಸಾಲಾಗಿ ಇಳಿಯುತ್ತಾರೆ. ಮೈಮೇಲಿನದು ತನ್ನ ಬಟ್ಟೆಯೋ ಮಾರಾಟದ ಮಾಲೋ ಎಂದು ಮುಖ ನೋಡಿ ನಾನು ತೀರ್ಮಾನಿಸಬೇಕು. ಹಳೆಯದಾಗಿ ಕಾಣಲಿ ಎಂದು ಹೊಸ ಅಂಗಿಯನ್ನು ಚಹಾದಲ್ಲಿ ಅದ್ದಿ ತರುವವರಿದ್ದಾರೆ. ಹೆಂಗಸರ ಮೇಲೆ ಅನುಮಾನ ಬಂದರೆ ಪರದೆಯ ಆಚೆ ಶೋಧಕಿಯ ಬಳಿ ಕಳಿಸುತ್ತೇನೆ. ಪ್ರತಿಯೊಬ್ಬರೂ ನನಗೆ ಯಾವುದಾದರೊಂದು ನಂಟು ಹಚ್ಚುತ್ತಾರೆ. ಒಬ್ಬಳಿಗೆ ನಾನು ಅಕ್ಕನ ಮಗ, ಇನ್ನೊಬ್ಬಳಿಗೆ ಸತ್ತ ತಮ್ಮನ ಪಡಿಯಚ್ಚು. ಮೊದಲ ವಾರ ಮರುಕ ಬರುತ್ತಿತ್ತು. ಈಗ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಒಂದು ಮಾತು ಕೇಳಬೇಕು ಅನ್ನಿಸುತ್ತದೆ. ನಾನು ಹಿಡಿಯುವವರು ಮೂರು ಅಂಗಿ ಬಚ್ಚಿಟ್ಟ ವಿಧವೆಯರು. ಲಾರಿಗಟ್ಟಲೆ ಬಟ್ಟೆ ಬೇರೊಂದು ಬಾಗಿಲಲ್ಲಿ ಸರಿಯಾಗಿ ಸುಂಕ ಕಟ್ಟಿ, ರಾಜಾರೋಷವಾಗಿ ಕೈರೋಗೆ ಹೋಗುತ್ತದೆ. ಗಿರಣಿಗೆ ಮುಳುವಾಗಿರುವುದು ಈ ವಿಧವೆಯರೇ? ನಿಮಗೆ ಗೊತ್ತಿರಬಹುದು. ಕುಂಬಳಕಾಯಿಯ ಸುದ್ದಿ ಬರೆಯಲು ನನಗೆ ಬರುವುದಿಲ್ಲ.

ಕೈರೋದಿಂದ ಒಬ್ಬ ತನಿಖಾಧಿಕಾರಿ ಬಂದು ನಮ್ಮ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡಿದ್ದಾರೆ. ಯಾರಾದರೂ ತಮ್ಮವರನ್ನು ಶೋಧಿಸದೆ ಬಿಟ್ಟರೆ ಕೆಲಸ ಹೋಯಿತೆಂದೇ ಲೆಕ್ಕ. ಅಮ್ಮನನ್ನು ಈಗ ಕಳಿಸದೆ ಇದ್ದದ್ದು ಒಳ್ಳೆಯದಾಯಿತು. ಅವಳ ಕೈಯ ಅಡುಗೆ ನೆನಪಾಗುತ್ತದೆ ಎಂದು ಹೇಳಿ.

ನಿಮ್ಮ ಮಗ,
ಶವ್ಕಿ


ಮಹಲ್ಲಾ,
೧೪ ಮಾರ್ಚ್ ೧೯೮೫

ಅಣ್ಣಾ,

ಇದನ್ನು ಅಂಚೆ ಕಚೇರಿಯಲ್ಲೇ ನಿಂತು ಬರೆಯುತ್ತಿದ್ದೇನೆ. ಅಪ್ಪನಿಗೆ ಗೊತ್ತಿಲ್ಲ. ಗೊತ್ತಾದರೆ ಇದನ್ನೂ ಇಡೀ ಕಟ್ಟಡಕ್ಕೆ ಓದಿಬಿಡುತ್ತಾರೆ.

ಹೋದ ಮಂಗಳವಾರ ಅಮ್ಮ ದಮಿಯೆತ್ತಾದ ಚಿಕ್ಕಮ್ಮನ ಮನೆಗೆ ಹೋಗುತ್ತೇನೆಂದು ಹೊರಟಳು. ಅವಳು ಹೋದದ್ದು ದಮಿಯೆತ್ತಾಕ್ಕಲ್ಲ, ನಿಮ್ಮೂರಿಗೆ ಅಂತ ನನಗೊಬ್ಬಳಿಗೇ ಗೊತ್ತು. ಅಜ್ಜಿ ಕೊಟ್ಟಿದ್ದ ಓಲೆ ಮಾರಿದ್ದಳು. ಬೇಡಮ್ಮ, ಇನ್ಸಾಫತ್ತೆ ಏನಾದರೂ ಅನ್ನಲಿ ಎಂದು ನಾನು ಕಾಲು ಹಿಡಿಯುವುದೊಂದು ಬಾಕಿ. ಅವಳು ಕೇಳಬೇಕಲ್ಲ. "ಗಾಡಿ ಹೋಗೋವಾಗ ಜನ ನಿನ್ನ ನೋಡಿ ನಗಬಾರದು. ಅಲ್ಲಿ ಬಾಗಿಲಲ್ಲಿ ನನ್ನ ಮಗನೇ ಇದ್ದಾನೆ, ನನಗೇನು ಭಯ" ಅಂದಳು. ಹೋಗುವಾಗ ನಿನಗೆಂದು ಒಂದು ಬಾತುಕೋಳಿ ಹುರಿದು ಬುಟ್ಟಿಯಲ್ಲಿ ಇಟ್ಟುಕೊಂಡಿದ್ದಳು.

ಬಂದಾಗ ಆ ಬುಟ್ಟಿಯೂ ಇರಲಿಲ್ಲ. ಕಂಬಳಿಯೂ ಇರಲಿಲ್ಲ. ದಮಿಯೆತ್ತಾದ ಗಿಣ್ಣು ತಂದಿಲ್ಲವೇ ಎಂದು ಅಪ್ಪ ಕೇಳಿದರು, ಮುಗಿದುಹೋಗಿತ್ತು ಅಂದಳು. ಅಂದಿನಿಂದ ಕೆಲಸಕ್ಕೆ ಬೇಕಾದಷ್ಟೇ ಮಾತು. ಏನಾಯಿತಮ್ಮ ಎಂದರೆ ಸೊಪ್ಪು ಹೆಚ್ಚು ಹೋಗು ಎನ್ನುತ್ತಾಳೆ. ನಿನ್ನ ಹೆಸರೆತ್ತಿದರೆ ಎದ್ದುಹೋಗುತ್ತಾಳೆ.

ಅವಳು ನಿನ್ನ ಹತ್ತಿರ ಬಂದಿದ್ದಳಾ? ದಮ್ಮಯ್ಯ, ಇದ್ದದ್ದು ಇದ್ದ ಹಾಗೆ ಬರಿ.

ನಗಾತ್


ಪೋರ್ಟ್ ಸಯೀದ್,
೨೩ ಮಾರ್ಚ್ ೧೯೮೫

ನಗಾತ್,

ಬಂದಿದ್ದಳು. ನನ್ನ ಕೋಣೆಗೆ ಬರಲಿಲ್ಲ, ಕಟ್ಟೆಗೆ ಬಂದಳು. ಮೊದಲೇ ತಿಳಿಸಿದ್ದರೆ ನಾನು ರಜೆಯಾದರೂ ಹಾಕುತ್ತಿದ್ದೆ.

ಮಧ್ಯಾಹ್ನದ ಬಸ್ಸು. ಸಾಲಿನಲ್ಲಿ ಅವಳನ್ನು ಕಂಡಾಗ ಮೊದಲು ಖುಷಿಯೇ ಆಯಿತು, ಆಮೇಲೆ ಅವಳ ಮೈ ನೋಡಿದೆ. ಮುಖ ನಮ್ಮ ಅಮ್ಮನದೇ, ಕಡ್ಡಿಯ ಹಾಗೆ. ಮೈ ಮಾತ್ರ ಬೇರೆ ಯಾರದೋ. ಕರಿಯ ನಿಲುವಂಗಿಯ ಅಂಚಿನಿಂದ ಗುಲಾಬಿ ಬಣ್ಣದ ಜಾಲರಿ ಇಣುಕುತ್ತಿತ್ತು. ನನ್ನನ್ನು ನೋಡಿ ನಕ್ಕಳು. ಮುಚ್ಚುಮರೆಯಿಲ್ಲದೆ, ಮಗ ಸಿಕ್ಕಿದ ಎನ್ನುವ ಹಾಗೆ. ಕೈರೋದ ತನಿಖಾಧಿಕಾರಿ ನನ್ನ ಹಿಂದೆಯೇ ನಿಂತಿದ್ದರು. ಅವರು ಜಾಲರಿಯನ್ನು ನೋಡಿದ್ದು ನನಗೆ ಗೊತ್ತಾಯಿತು.

ನಾನು ವಯಸ್ಸಾದ ಹೆಂಗಸರನ್ನೆಲ್ಲ ಕರೆಯುವ ಹಾಗೆ, "ಹಾಜಾ, ಪರದೆ ಕಡೆ ಹೋಗಿ" ಎಂದೆ. ಅವಳು ಹೋದಳು. ಇಬ್ಬರೂ ಬೇರೆ ಏನೂ ಮಾತಾಡಲಿಲ್ಲ. ಶೋಧಕಿ ಕಂಬಳಿ, ಮೂರು ರಾತ್ರಿಯಂಗಿ, ಮಖಮಲ್ಲಿನ ಹಾಸು ತಂದು ನನ್ನ ಮೇಜಿನ ಮೇಲೆ ಹಾಕಿದಳು. ಸುಂಕ ಕಟ್ಟಿದರೆ ಬಿಡುತ್ತೇವೆ ಎಂದು ತನಿಖಾಧಿಕಾರಿ ಹೇಳಿದರು. ಅಮ್ಮ ಅವರ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಬಸ್ಸು ಹತ್ತಿದಳು. ಬುಟ್ಟಿ ಪರದೆಯ ಬಳಿಯೇ ಉಳಿದಿತ್ತು. ಸಂಜೆ ಕೆಲಸ ಮುಗಿದ ಮೇಲೆ ನೋಡಿದರೆ ಅದರಲ್ಲಿ ಬಾತು. ತಿನ್ನಲು ಆಗಲಿಲ್ಲ, ಎಸೆಯಲೂ ಆಗಲಿಲ್ಲ, ಕಾವಲಿನವನಿಗೆ ಕೊಟ್ಟೆ.

ನನ್ನ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ? ಕೆಲಸ ಹೋಗುತ್ತಿತ್ತು. ನಿನ್ನ ಮದುವೆಗೆ ಕಳಿಸುವ ದುಡ್ಡೂ ಹೋಗುತ್ತಿತ್ತು. ಅಪ್ಪ ನೋಡಿದ್ದರೆ ಭೇಷ್ ಎನ್ನುತ್ತಿದ್ದರು. ಇದನ್ನೆಲ್ಲ ನನಗೆ ನಾನೇ ದಿನವೂ ಹೇಳಿಕೊಳ್ಳುತ್ತೇನೆ.

ಅಪ್ಪನಿಗೆ ಹೇಳಬೇಡ. ಅಮ್ಮನಿಗೆ ಸ್ವಲ್ಪ ಸಮಾಧಾನವಾದ ಮೇಲೆ ಬರಿ.

ಶವ್ಕಿ


ಮಹಲ್ಲಾ,
೧೯ ಏಪ್ರಿಲ್ ೧೯೮೫

ಮಗನೇ ಶವ್ಕಿ,

ವಸಂತದ ಹಬ್ಬಕ್ಕೆ ನೀನಿಲ್ಲದೆ ಉಪ್ಪುಮೀನು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯಬೇಕೆಂದಿದ್ದೆ. ಆದರೆ ಇಳಿಯಿತು, ನಿನ್ನ ಪಾಲೂ ಇಳಿಯಿತು. ಕಾಲುವೆ ದಂಡೆಯ ಮೇಲೆ ಎಲ್ಲರೂ ಈರುಳ್ಳಿ ಕಚ್ಚುತ್ತ ಕೂತಿದ್ದೆವು. ನಿನ್ನಮ್ಮ ಮಾತ್ರ ಹೊಟ್ಟೆ ಸರಿಯಿಲ್ಲ ಎಂದು ಮನೆಯಲ್ಲೇ ಉಳಿದಳು.

ಪತ್ರಿಕೆಯಲ್ಲಿ ಓದಿರಬೇಕು, ಹೊರದೇಶದ ಬಟ್ಟೆಯ ಮೇಲೆ ಸುಂಕ ಏರಿಸಿದ್ದಾರೆ. ಮುಂದಿನ ತಿಂಗಳಿಂದ ಮೂರನೆಯ ಪಾಳಿ ಮತ್ತೆ ಶುರು ಎಂದು ಗಿರಣಿಯಲ್ಲಿ ಹೇಳುತ್ತಿದ್ದಾರೆ. ಕೆಲಸವಿಲ್ಲದೆ ಮನೆಗೆ ಹೋಗಿದ್ದ ಹುಡುಗರನ್ನೆಲ್ಲ ವಾಪಸು ಕರೆಯುತ್ತಾರೆ. ಅಬ್ದುಲ್ ತವ್ವಾಬ್ ನನ್ನ ತಲೆಗೆ ಮುತ್ತಿಟ್ಟ, ಸುಂಕ ಏರಿಸಿದವನು ನಾನೇ ಎಂಬ ಹಾಗೆ. ಈ ಗೋಡೆ ಕಾಗದದ ಮೇಲೆ ನಿಂತಿಲ್ಲ, ಮೆತ್ವಲ್ಲಿಯ ಮಗನ ಬೆನ್ನ ಮೇಲೆ ನಿಂತಿದೆ ಎಂದೆ.

ನಿನಗೆ ಒಂದು ದೂರು. ನಿನ್ನ ಕಾಗದಗಳು ದಿನೇದಿನೇ ಕುಗ್ಗುತ್ತಿವೆ. ಹೋದ ಸಲದ್ದನ್ನು ಓದಲು ಶುರುಮಾಡುವಷ್ಟರಲ್ಲಿ ಮುಗಿದೇ ಹೋಯಿತು. ಜನ ಇನ್ನೂ ಕಾಲು ಮಡಚಿರಲಿಲ್ಲ. ಕೊನೆಗೆ ನಾನೇ ಚಹಾದಂಗಡಿಯ ಮಾತುಗಳನ್ನು ಸೇರಿಸಿ ಹಿಗ್ಗಿಸಬೇಕಾಯಿತು. ನಿನ್ನಮ್ಮನಿಗೂ ಏನೋ ಆಗಿದೆ. ನಾನು ಕನ್ನಡಕ ಹಾಕಿದ ಕೂಡಲೇ ಬಾತುಗಳಿಗೆ ಮೇವು ಹಾಕಬೇಕೆಂದು ತಾರಸಿಗೆ ಹತ್ತುತ್ತಾಳೆ. ಆ ಬಾತುಗಳು ಈಗ ನಡೆಯಲಾರದಷ್ಟು ಕೊಬ್ಬಿವೆ. ಮಗಳು ಹೋಗುತ್ತಾಳೆಂಬ ಸಂಕಟವಿರಬೇಕು.

ಬಳುವಳಿಗೆ ನಮ್ಮ ಗಿರಣಿಯ ಅಂಗಡಿಯಿಂದ ಹತ್ತಿಯ ರಜಾಯಿ ತಂದಿದ್ದೇನೆ, ನಾನೇ ನೇಯ್ದ ಬಟ್ಟೆ. ಬೀಗಿತ್ತಿ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಮೂಗು ಮುರಿದಳು. ಮುರಿದುಕೊಳ್ಳಲಿ. ರಂಜಾನಿನ ಹಬ್ಬ ಕಳೆದ ಮೇಲೆ ಜೂನ್ ಇಪ್ಪತ್ತೇಳು ಗುರುವಾರ ಮದುವೆ. ಈಗಲೇ ರಜೆ ಕೇಳಿಡು.

ನಿನ್ನ ಅಪ್ಪ,
ಮೆತ್ವಲ್ಲಿ


ಮಹಲ್ಲಾ,
೧೬ ಮೇ ೧೯೮೫

ಅಣ್ಣಾ,

ಅಪ್ಪನಿಗೆ ಗೊತ್ತಾಯಿತು. ನಾನು ಹೇಳಲಿಲ್ಲ.

ನಿನ್ನ ನಾಲ್ಕು ಸಾಲಿನ ಕಾಗದ ಬಂತಲ್ಲ, ಅದನ್ನು ಓದಲು ಎಲ್ಲರನ್ನೂ ಕೂರಿಸಿದ್ದರು. ಮೂರನೆಯ ಪಾಳಿ ಶುರುವಾದ ಖುಷಿಗೆ ಶರಬತ್ತು ಬೇರೆ. ಕಾಗದ ಮುಗಿಯಿತು. ಸಾಲದೆಂದು ಅಪ್ಪ ಆ ಕುಂಬಳಕಾಯಿಯ ಕಥೆ ತೆಗೆದರು. ಎದ್ದು ನಿಂತು, ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಬಸುರಿಯ ಹಾಗೆ ನಡೆದು ತೋರಿಸಿದರು. ಜನ ಬಿದ್ದು ಬಿದ್ದು ನಗುತ್ತಿದ್ದರು. ಅಮ್ಮ ತಾರಸಿಯಿಂದ ಇಳಿದು ಬಾಗಿಲಲ್ಲಿ ನಿಂತಿದ್ದನ್ನು ಯಾರೂ ನೋಡಿರಲಿಲ್ಲ.

"ರೀ, ನಿಮ್ಮ ಮಗ ಹಿಡಿದ ಕುಂಬಳಕಾಯೀಲಿ ಒಂದು ನಾನೇ. ಮುಂದೆ ಓದಿ" ಅಂದಳು.

ದನಿ ಎತ್ತಲಿಲ್ಲ ಅಣ್ಣಾ. ಉಪ್ಪು ಕೊಡಿ ಅನ್ನುವ ಹಾಗೆ ಅಂದಳು. ಜನ ಒಬ್ಬೊಬ್ಬರೇ ಎದ್ದು ಹೋದರು. ಅಪ್ಪ ದಿಂಬು ಬಿಚ್ಚುವುದನ್ನೂ ಮರೆತು ಹಾಗೇ ಕೂತುಬಿಟ್ಟರು. ಆಮೇಲೆ ಕೇಳಿದರು, ಅವಳು ಓಲೆ ಮಾರಿದ್ದು, ಕಂಬಳಿ ಕೊಂಡದ್ದು, ನೀನು ಪರದೆಯ ಆಚೆ ಕಳಿಸಿದ್ದು ಎಲ್ಲ ಹೇಳಿದಳು. ಇಷ್ಟೇನಾ ಎಂದರು. ಅವಳು ಶರಬತ್ತಿನ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮಮ್ದೂಹನಿಗೆ ನಾನೇ ಹೇಳಿದೆ, ಪರದೇಶದ ಕಂಬಳಿ ಇಲ್ಲ, ಬೇಕಿದ್ದರೆ ಈಗಲೇ ಬೇಡ ಅನ್ನು ಅಂತ. ಜೂನ್ ತಿಂಗಳ ಸೆಕೆಗೆ ಕಂಬಳಿ ಹೊದೆಯುವವರು ಯಾರು ಎಂದು ನಕ್ಕ. ಅವನಮ್ಮನ ಜೊತೆ ಅವನೇ ಜಗಳವಾಡಿದ್ದಾನೆ. ನನ್ನ ಚಿಂತೆ ಬಿಡು. ಅಮ್ಮ ಇನ್ನೂ ನಿನ್ನ ಹೆಸರು ಹೇಳುತ್ತಿಲ್ಲ. ಮದುವೆಗೆ ಅಣ್ಣ ಬರುತ್ತಾನಲ್ಲ ಎಂದೆ, ಅದನ್ನು ಅವನ ಅಪ್ಪನನ್ನೇ ಕೇಳು ಅಂದಳು.

ನಗಾತ್


ಮಹಲ್ಲಾ,
೨ ಜೂನ್ ೧೯೮೫

ಶವ್ಕಿ,

ನೀನು ಮಾಡಿದ್ದು ಕಾನೂನಿನ ಪ್ರಕಾರ ಸರಿ. ಬಿಗಿಯಾಗಿ ನಿಲ್ಲು ಎಂದು ಹೇಳಿದವನು ನಾನೇ, ನಿನ್ನನ್ನು ಬೈಯುವ ಬಾಯಿ ನನಗಿಲ್ಲ. ಇದನ್ನು ಬರೆಯಲು ಇಷ್ಟು ದಿನ ಹಿಡಿಯಿತು.

ಮಗ್ಗಗಳೆಲ್ಲ ಓಡುತ್ತಿವೆ. ಆ ಸದ್ದು ಕೇಳಬೇಕೆಂದು ಒಂದು ವರ್ಷ ಕಾದಿದ್ದೆ. ಈಗ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇನೆ. ಹೋದ ವಾರ ನಮ್ಮ ಸಹಾಯಕ ವ್ಯವಸ್ಥಾಪಕರ ಮಗಳ ಬಳುವಳಿ ಗಾಡಿ ಗಿರಣಿಯ ಬಾಗಿಲ ಮುಂದೆಯೇ ಹೋಯಿತು. ಸಾಲಾಗಿ ಸ್ಪೇನಿನ ಕಂಬಳಿಗಳು. ಕದ್ದದ್ದೇನಲ್ಲ, ಸುಂಕ ಕಟ್ಟಿಯೇ ತಂದದ್ದು. ಕಟ್ಟುವ ಶಕ್ತಿಯಿದ್ದವರಿಗೆ ಗೋಡೆಯಲ್ಲಿ ಬಾಗಿಲಿದೆ ಎಂದಾಯಿತು. ಫೆಬ್ರವರಿಯಲ್ಲಿ ನೀನು ಇದನ್ನೇ ಕೇಳಿದ್ದೆ. ಆ ಸಾಲನ್ನು ಜನರ ಮುಂದೆ ಓದದೆ ಹಾರಿಸಿದ್ದೆ.

ಹಾಗೆಂದು ಗೋಡೆ ಬೇಡ ಎನ್ನಲಾರೆ. ಗಿರಣಿ ಮುಚ್ಚಿದರೆ ಈ ಬೀದಿಯಲ್ಲಿ ಒಲೆ ಉರಿಯುವುದಿಲ್ಲ, ಅದೂ ಸುಳ್ಳಲ್ಲ. ಎರಡೂ ನಿಜವಾದರೆ ಮನುಷ್ಯ ಏನು ಮಾಡಬೇಕೋ ನನಗೆ ತಿಳಿಯದು.

ನಿನ್ನಮ್ಮ ಉಪವಾಸ ಬಿಡುವ ಹೊತ್ತಿಗೆ ಎಲ್ಲ ತಂದಿಡುತ್ತಾಳೆ, ಜೊತೆಗೆ ಕೂರುವುದಿಲ್ಲ. ಇನ್ನೂ ಏನೋ ಇದೆ, ನನಗೆ ಹೇಳುತ್ತಿಲ್ಲ. ನನಗಲ್ಲ, ಅವಳಿಗೆ ಬರಿ. ನಾನು ಓದುವುದಿಲ್ಲ, ನಗಾತ್ ಓದಿ ಹೇಳುತ್ತಾಳೆ. ಮದುವೆಗೆ ನಿನ್ನನ್ನು ಕರೆಯುವ ಮಾತು ಅವಳದು.

ಮೆತ್ವಲ್ಲಿ


ಪೋರ್ಟ್ ಸಯೀದ್,
೯ ಜೂನ್ ೧೯೮೫

ಅಮ್ಮಾ,

ಅಪ್ಪನ ಹೆಸರಿಗೇ ಬರೆದು ರೂಢಿ. ನಿನಗೆ ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ.

ನಿನ್ನ ಬಟ್ಟೆ ಕಿತ್ತುಕೊಂಡದ್ದು ತಪ್ಪು. ತನಿಖಾಧಿಕಾರಿ ಇದ್ದರು, ಕೆಲಸದ ಭಯ ಇತ್ತು, ಇವೆಲ್ಲ ನಿಜ. ಆದರೂ ನೀನು ಓಲೆ ಮಾರಿ ಕೊಂಡದ್ದು ಎಂದು ತಿಳಿದ ದಿನದಿಂದ ನನಗೆ ನೆಮ್ಮದಿಯಿಲ್ಲ. ಆ ಮಾಲು ಹರಾಜಾಗಿ ಹೋಯಿತು. ಅಂಥದೇ ಕಂಬಳಿ, ಅಂಥವೇ ಗುಲಾಬಿ ಅಂಗಿಗಳನ್ನು ಹುಡುಕಿ ಕೊಂಡಿದ್ದೇನೆ. ಸುಂಕ ಕಟ್ಟಿ, ಮುದ್ರೆ ಹಾಕಿಸಿ ಇಟ್ಟಿದ್ದೇನೆ. ಇನ್ಸಾಫತ್ತೆಯ ಮುಂದೆ ತಲೆಯೆತ್ತಿ ಗಾಡಿಗೆ ಹಾಕಬಹುದು. ಅಪ್ಪ ಬೇಡವೆನ್ನಲಾರರು.

ಬರಲು ಅಪ್ಪಣೆ ಕೊಡು. ಆದದ್ದನ್ನು ಹೊಟ್ಟೆಗೆ ಹಾಕಿಕೋ.

ನಿನ್ನ ಮಗ,
ಶವ್ಕಿ


ಮಹಲ್ಲಾ,
೧೭ ಜೂನ್ ೧೯೮೫

(ಅಣ್ಣಾ, ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ತಿದ್ದಬೇಡ ಅಂದಿದ್ದಾಳೆ. ನಗಾತ್)

ಶವ್ಕಿ,

ನಿನ್ನ ಕಾಗದ ನಗಾತ್ ಎರಡು ಸಲ ಓದಿದಳು. ಮೊದಲನೇ ಸಲ ನಾನು ಕಾಯ್ತಾ ಇದ್ದೆ, ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ. ಎರಡನೇ ಸಲ ಗೊತ್ತಾಯ್ತು, ನೀನು ಹೇಳಲ್ಲ.

ನಿನಗೆ ಕಂಬಳಿ ಚಿಂತೆ. ಕಂಬಳಿ ಹೋದ್ರೆ ಹೋಯ್ತು. ಅದು ಸರ್ಕಾರದ ಕಾನೂನು, ನಾನು ಮುರಿದೆ, ಸಿಕ್ಕಿಬಿದ್ದೆ. ನನ್ನ ಜೊತೆ ಬಸ್ಸಲ್ಲಿ ಬಂದ ಎಷ್ಟೋ ಹೆಂಗಸರದ್ದು ಹೋಯ್ತು, ಅವರೇನು ಸತ್ತುಹೋದ್ರಾ. ನೀನು ಹಾಜಾ ಅಂದಾಗಲೂ ನನಗೇನೂ ಅನ್ನಿಸಲಿಲ್ಲ. ಹಿಂದೆ ಸಾಹೇಬ ನಿಂತಿದ್ದಾನೆ, ಪಾಪ, ಹುಡುಗ ಏನು ಮಾಡ್ತಾನೆ ಅಂದ್ಕೊಂಡು ನಾನೇ ಪರದೆ ಹಿಂದೆ ಹೋದೆ.

ಅಲ್ಲಿ ಆ ಹೆಂಗಸು ನನ್ನ ಮೈಮೇಲೆ ಕೈ ಹಾಕಿದಳು. ನಿನ್ನಪ್ಪನ ಬಿಟ್ಟು ಯಾರೂ ಮುಟ್ಟದ ಮೈ. ಎಲ್ಲ ಬಿಚ್ಚಿಸಿದಳು, ಒಳಲಂಗದಲ್ಲಿ ನಿಂತಿದ್ದೆ. ನಾಚಿಕೆ ತಡೀಲಾರದೆ ಬಾಯಿಂದ ಬಂದುಬಿಡ್ತು, "ಆಚೆ ಮೇಜಿನ ಹತ್ರ ಇರೋನು ನನ್ನ ಮಗ ಕಣಮ್ಮ, ಬೇಕಿದ್ರೆ ಅವನನ್ನೇ ಕೇಳು" ಅಂದೆ. ಬಿಟ್ಟುಬಿಡು ಅಂತ ಅಲ್ಲ. ಸ್ವಲ್ಪ ಮೆತ್ತಗೆ ಮುಟ್ಟಲಿ ಅಂತ.

ಅವಳು ಪರದೆಯಿಂದ ತಲೆ ಹೊರಗೆ ಹಾಕಿ ಕೇಳಿದಳು, ಇವಳು ನಿಮ್ಮಮ್ಮ ಅಂತಾಳಲ್ಲ ಶವ್ಕಿ ಸಾಹೇಬ್ರೇ, ಹೌದಾ ಅಂತ.

ನೀನು ಅಂದೆ, "ಈ ಬಸ್ಸಲ್ಲಿ ಬರೋ ಮುದುಕಿಯರೆಲ್ಲ ನನಗೆ ಅಮ್ಮಂದಿರೇ." ಸಾಹೇಬ ನಕ್ಕ. ಸಾಲಲ್ಲಿದ್ದೋರೆಲ್ಲ ನಕ್ಕರು. ನೀನೂ ನಕ್ಕೆ. ನಿನ್ನ ನಗು ನನಗೆ ಗೊತ್ತಾಗಲ್ವಾ, ಹುಟ್ಟಿದಾಗಿಂದ ಕೇಳಿದ್ದೀನಿ.

ಪರದೆ ಅಂದ್ರೆ ಬಟ್ಟೆ ಕಣೋ, ಗೋಡೆಯಲ್ಲ. ಎಲ್ಲ ಕೇಳಿಸುತ್ತೆ.

ಎಲ್ಲ ಕಿತ್ಕೊಂಡು, ಬೇಕಿದ್ರೆ ದಂಡ ಹಾಕಿ, ಹೌದು ನಮ್ಮಮ್ಮ ಅಂದಿದ್ರೆ ಸಾಕಾಗಿತ್ತು. ನಾನು ಬರಿಗೈಲಿ ಬಂದು ಇಡೀ ಬೀದಿಗೆ ಹೇಳ್ತಿದ್ದೆ, ನನ್ನ ಮಗ ಎಂಥ ಕಟ್ಟುನಿಟ್ಟು ನೋಡಿ, ಹೆತ್ತ ತಾಯೀನೂ ಬಿಡಲಿಲ್ಲ ಅಂತ. ನಿನ್ನಪ್ಪನಿಗಿಂತ ಜೋರಾಗಿ ಹೇಳ್ತಿದ್ದೆ.

ಆ ಮಾತು ನಿನ್ನಪ್ಪನಿಗೆ ಹೇಳಿಲ್ಲ. ಹೇಳಿದ್ರೆ ಅವರು ಬದುಕಲ್ಲ. ಇವತ್ತೇ ನಗಾತ್‌ಗೂ ಗೊತ್ತಾಗಿದ್ದು, ಬರೀತಾ ಬರೀತಾ ಅಳ್ತಿದ್ದಾಳೆ.

ನೀನು ತಗೊಂಡ ಕಂಬಳಿ ತರಬೇಡ. ಅಲ್ಲೇ ಯಾರಿಗಾದ್ರೂ ಕೊಡು. ನಿನ್ನಪ್ಪ ನೇಯ್ದ ರಜಾಯಿ ಗಾಡಿ ಮೇಲೆ ಹೋಗುತ್ತೆ, ಇನ್ಸಾಫ್ ಏನು ಬೇಕಾದ್ರೂ ಅಂದ್ಕೊಳ್ಳಲಿ.

ಮದುವೆ ಹಿಂದಿನ ದಿನ, ಬುಧವಾರ ಮಧ್ಯಾಹ್ನದ ನಮಾಜಾದ ಮೇಲೆ ಬಳುವಳಿ ಗಾಡಿ ಮನೆ ಮುಂದಿಂದ ಹೊರಡುತ್ತೆ. ಬೀದಿಯವರು, ಗಿರಣಿಯವರು, ಬೀಗರ ಕಡೆಯವರು ಎಲ್ಲ ಇರ್ತಾರೆ. ನಾನು ಗಾಡಿ ಹಿಂದೆ ಹೆಂಗಸರ ಜೊತೆ ನಡೀತಾ ಇರ್ತೀನಿ. ಮನೆಗೆ ಬರಬೇಡ, ಮೊದಲು ಅಲ್ಲಿಗೆ ಬಾ. ಅಷ್ಟೂ ಜನಕ್ಕೆ ಕೇಳಿಸೋ ಹಾಗೆ ಒಂದು ಸಲ ಅಮ್ಮಾ ಅಂತ ಕರಿ.

ನಾನು ತಿರುಗಿ ನೋಡ್ತೀನೋ ಇಲ್ವೋ, ಈಗ ನನಗೂ ಗೊತ್ತಿಲ್ಲ.

ರತೀಬಾ